ಪಿ.ಎಂ.ಪಿ. ಪರೀಕ್ಷೆಗೆ ಸಿದ್ಧತೆ: 'ಹೋ ಜಾಯೇಗಾ' ಅಂದರೆ ಸಾಲದು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ದೆಹಲಿಗೆ ಬಂದ ಕನ್ನಡಿಗರು ಮೊದಲು ಕಲಿಯುವ ಹಿಂದಿ ಮಾತು ಯಾವುದು ಹೇಳಿ? ನನ್ನ ಅನುಭವದಲ್ಲಿ ಅದು 'ಹೋ ಜಾಯೇಗಾ ಜೀ'. ನಲ್ಲಿ ರಿಪೇರಿಯವನನ್ನು ಕೇಳಿ, ಹೋ ಜಾಯೇಗಾ. ಬಡಗಿಯನ್ನು ಕೇಳಿ, ಹೋ ಜಾಯೇಗಾ. ಆಫೀಸಿನಲ್ಲಿ ಸೋಮವಾರ ಕೊಡಬೇಕಾದ ವರದಿಯ ಬಗ್ಗೆ ಶುಕ್ರವಾರ ಸಂಜೆ ಕೇಳಿ, ಅದೇ ಉತ್ತರ. ನಮ್ಮೂರಿನವರೇನೂ ಕಡಿಮೆಯಿಲ್ಲ, ನಾವು 'ಆಗುತ್ತೆ ಸಾರ್' ಅನ್ನುತ್ತೇವೆ. ಎಷ್ಟು ಆಗಿದೆ, ಎಷ್ಟು ಉಳಿದಿದೆ, ಯಾವಾಗ ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಈ ಒಂದು ಮಾತು ನುಂಗಿಬಿಡುತ್ತದೆ.

ಇವತ್ತು ನಾನು ಮಾತನಾಡಲಿರುವ ಪರೀಕ್ಷೆ ಈ ಮಾತಿನ ವೈರಿ. ಅದರ ಹೆಸರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್, ಚಿಕ್ಕದಾಗಿ ಪಿ.ಎಂ.ಪಿ. ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ಈ ಪರೀಕ್ಷೆ ನಡೆಸುತ್ತಿದೆ. ನೊಯ್ಡಾ, ಗುರುಗ್ರಾಮದ ಸಾಫ್ಟ್‌ವೇರ್ ಕಂಪನಿಗಳವರಿಗೆ ಈ ಹೆಸರು ಹೊಸದಲ್ಲ. ಆದರೆ ಇದು ಅವರೊಬ್ಬರ ಸೊತ್ತೂ ಅಲ್ಲ. ಸೇತುವೆ ಕಟ್ಟುವ ಎಂಜಿನಿಯರ್, ಆಸ್ಪತ್ರೆಗೆ ಹೊಸ ವಿಭಾಗ ತರುವ ಆಡಳಿತಗಾರ್ತಿ, ಹಳ್ಳಿಗಳಲ್ಲಿ ನೀರಿನ ಯೋಜನೆ ನಡೆಸುವ ಸ್ವಯಂಸೇವಾ ಸಂಸ್ಥೆಯವರು, ಹೀಗೆ ಯಾರು ಬೇಕಾದರೂ ಬರೆಯಬಹುದು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಮೊದಲ ಸಲ ಈ ಪರೀಕ್ಷೆಯಲ್ಲಿ ಫೇಲಾದೆ. ಓದಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಓದಿದ್ದೆ. ಹದಿನಾಲ್ಕು ವರ್ಷ ಕೆಲಸ ಮಾಡಿದವನಿಗೆ ಇದೇನು ಮಹಾ ಎಂಬ ಧೈರ್ಯವೂ ಇತ್ತು. ಮುಳುವಾದದ್ದು ಆ ಧೈರ್ಯವೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಅರ್ಜಿಯ ಮಾತು. ನಿಜವಾದ ಪರೀಕ್ಷೆ ಶುರುವಾಗುವುದೇ ಅಲ್ಲಿ. 2021ರ ಕೈಪಿಡಿಯ ಪ್ರಕಾರ ಪದವೀಧರರಿಗೆ ಹಿಂದಿನ 8 ವರ್ಷಗಳೊಳಗೆ 36 ತಿಂಗಳು ಯೋಜನೆ ಮುನ್ನಡೆಸಿದ ಅನುಭವ ಬೇಕು. ಡಿಪ್ಲೊಮಾ ಅಥವಾ ಪ್ರೌಢಶಿಕ್ಷಣದವರೆಗೆ ಓದಿದವರಿಗೆ 60 ತಿಂಗಳು. ಇದರ ಜೊತೆಗೆ 35 ಗಂಟೆಗಳ ತರಬೇತಿ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಸಂಸ್ಥೆಯ ಕೈಪಿಡಿಯನ್ನು ನೀವೇ ತೆರೆದು ನೋಡಿ, ಗೆಳೆಯರ ಮಾತು ನಂಬಿ ಕೂರಬೇಡಿ.

ಇಲ್ಲಿ ಎರಡು ವಿಷಯ ನೆನಪಿರಲಿ. ಒಂದು, ನಿಮ್ಮ ಹುದ್ದೆಯ ಹೆಸರು ಮ್ಯಾನೇಜರ್ ಎಂದೇ ಇರಬೇಕಾಗಿಲ್ಲ. ಜನರನ್ನು ಕಟ್ಟಿಕೊಂಡು, ಒಂದು ಗಡುವಿನೊಳಗೆ, ಒಂದು ಕೆಲಸವನ್ನು ಮುನ್ನಡೆಸಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. 'ನಾನು ಬರೀ ಸೈಟ್ ಎಂಜಿನಿಯರ್' ಎಂದು ಹಿಂಜರಿಯುವವರು ಸ್ವಲ್ಪ ಯೋಚಿಸಿ. ಎರಡು, ಒಂದೇ ಕಾಲದಲ್ಲಿ ಎರಡು ಯೋಜನೆ ನಡೆಸಿದ್ದರೂ ಆ ತಿಂಗಳುಗಳನ್ನು ಒಂದೇ ಸಲ ಎಣಿಸಬೇಕು.

ಈ ಎರಡನೆಯ ಲೆಕ್ಕದಲ್ಲಿ ನನಗೆ 5 ತಿಂಗಳು ಕಡಿಮೆ ಬಿತ್ತು. ಜೊತೆಯಲ್ಲಿ ಓದುತ್ತಿದ್ದವರೊಬ್ಬರು ನಕ್ಕು, 'ಅಯ್ಯೋ, ಬರೆದುಬಿಡಿ ಸಾರ್, ಯಾರು ನೋಡ್ತಾರೆ?' ಅಂದರು. ನೋಡುವವರು ಇದ್ದಾರೆ. ಸಂಸ್ಥೆ ಕೆಲವು ಅರ್ಜಿಗಳನ್ನು ಆರಿಸಿ ತಪಾಸಣೆ ಮಾಡುತ್ತದೆ, ನಿಮ್ಮ ಮೇಲಧಿಕಾರಿಯಿಂದ ದೃಢೀಕರಣ ಕೇಳುತ್ತದೆ. ಆದರೆ ನನ್ನನ್ನು ತಡೆದದ್ದು ಆ ಭಯವಲ್ಲ. ಅರ್ಜಿ ತುಂಬುವಾಗ ಸಂಸ್ಥೆಯ ನೀತಿಸಂಹಿತೆಗೆ ಒಪ್ಪಿಗೆ ಕೊಡಬೇಕು. ಅದರಲ್ಲಿ ನಾಲ್ಕು ಮೌಲ್ಯಗಳಿವೆ: ಹೊಣೆಗಾರಿಕೆ, ಗೌರವ, ನ್ಯಾಯ, ಪ್ರಾಮಾಣಿಕತೆ. ಸುಳ್ಳು ತಿಂಗಳು ಬರೆದು, ಅದೇ ಪರದೆಯ ಮೇಲೆ ಪ್ರಾಮಾಣಿಕತೆಗೆ ಒಪ್ಪಿಗೆ ಒತ್ತುವುದು ಹೇಗೆ? 5 ತಿಂಗಳು ಕಾದೆ. ಮನೆಯಲ್ಲಿ 'ಇನ್ನೂ ಕಟ್ಟಲಿಲ್ವಾ ಪರೀಕ್ಷೆಗೆ?' ಎಂದು ಕೇಳಿದಾಗ ಸ್ವಲ್ಪ ಮುಜುಗರವಾಯಿತು ನಿಜ. ಆದರೂ ಕಾದದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಈಗ ಪರೀಕ್ಷೆಯ ಸ್ವರೂಪ. 2021ರ ಜನವರಿಯಲ್ಲಿ ಬಂದ ಮಾದರಿಯಲ್ಲಿ 180 ಪ್ರಶ್ನೆ, 230 ನಿಮಿಷ, ನಡುವೆ ಹತ್ತು ಹತ್ತು ನಿಮಿಷದ ಎರಡು ಬಿಡುವು. ಪ್ರಶ್ನೆಗಳಲ್ಲಿ 42 ಪಾಲು ಜನರ ಬಗ್ಗೆ, 50 ಪಾಲು ಕೆಲಸದ ವಿಧಾನದ ಬಗ್ಗೆ, ಉಳಿದ 8 ಪಾಲು ವ್ಯವಹಾರದ ಬಗ್ಗೆ ಎಂದು ಹಂಚಿದ್ದರು. ಈ ಪಾಲುಗಳೂ ಆಗಾಗ ಬದಲಾಗುತ್ತವೆ, ನಿಮ್ಮ ಪರೀಕ್ಷೆಯ ದಿನಾಂಕಕ್ಕೆ ಯಾವ ಪಠ್ಯಸೂಚಿ ಅನ್ವಯ ಎಂದು ಖಚಿತಮಾಡಿಕೊಂಡೇ ಪುಸ್ತಕ ಕೊಳ್ಳಿ. ಅಣ್ಣ ಓದಿದ ಹಳೆಯ ಪುಸ್ತಕ ತಮ್ಮನಿಗೆ ಬರುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಈ ಪಾಠಗಳು ಪುಸ್ತಕದಲ್ಲಿ ಬಹಳ ಒಣಗಿಕೊಂಡಿರುತ್ತವೆ. ನಾನೊಂದು ಉಪಾಯ ಹೇಳುತ್ತೇನೆ. ದಿನಾ ಮೆಟ್ರೊ ಹತ್ತುತ್ತೀರಲ್ಲ, ಅದನ್ನೇ ಪಠ್ಯಪುಸ್ತಕ ಮಾಡಿಕೊಳ್ಳಿ. ದೆಹಲಿ ಮೆಟ್ರೊದ ಕಾಮಗಾರಿ ಶುರುವಾದದ್ದು 1998ರ ಅಕ್ಟೋಬರ್‌ನಲ್ಲಿ. 2002ರ ಡಿಸೆಂಬರ್‌ನಲ್ಲಿ ಶಾಹ್‌ದರಾದಿಂದ ತೀಸ್ ಹಜಾರಿಗೆ ಮೊದಲ ಗಾಡಿ ಓಡಿತು. ಸುಮಾರು 65 ಕಿಲೋಮೀಟರಿನ ಮೊದಲ ಹಂತ ನಿಗದಿತ ಅವಧಿಗಿಂತ ಮುಂಚೆಯೇ ಮುಗಿಯಿತು. ಅದನ್ನು ನಡೆಸಿದವರು ಇ. ಶ್ರೀಧರನ್. ನಮ್ಮ ಕರಾವಳಿಯವರಿಗೆ ಅವರ ಹೆಸರು ಇನ್ನೂ ಮೊದಲಿನಿಂದ ಗೊತ್ತು. ನಿಜಾಮುದ್ದೀನ್‌ನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರ, ಕುಮಟಾ, ಉಡುಪಿಗೆ ಹೋಗುತ್ತೀರಲ್ಲ, ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಆ ಕೊಂಕಣ ರೈಲು ಮಾರ್ಗವನ್ನು ಕಟ್ಟಿಸಿದವರೂ ಅವರೇ. ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ ಉಲ್ಟಾ ಗಡಿಯಾರಗಳನ್ನು ಅವರು ಕಚೇರಿಗಳಲ್ಲೂ ಕಾಮಗಾರಿಯ ಜಾಗಗಳಲ್ಲೂ ಹಾಕಿಸುತ್ತಿದ್ದರು. ಗೋಡೆಯ ಮೇಲೆ ಆ ಅಂಕಿ ದಿನಾ ಇಳಿಯುತ್ತಿರುವಾಗ 'ಹೋ ಜಾಯೇಗಾ' ಎಂದು ಹೇಳುವುದು ಕಷ್ಟ.

ಪಠ್ಯದಲ್ಲಿ ಎರಡು ಬಗೆಯ ಯೋಜನೆಗಳ ಮಾತು ಬರುತ್ತದೆ. ಒಂದರಲ್ಲಿ ಎಲ್ಲವನ್ನೂ ಮೊದಲೇ ನಿರ್ಧರಿಸಿ ಆಮೇಲೆ ಕಟ್ಟುತ್ತಾರೆ. ಇನ್ನೊಂದರಲ್ಲಿ ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಇದನ್ನು ಅಜೈಲ್ ಎನ್ನುತ್ತಾರೆ. ಮೆಟ್ರೊದ ಕಂಬ ಮೊದಲನೆಯ ಬಗೆ. ಕಂಬ ನಿಲ್ಲಿಸಿಯಾದ ಮೇಲೆ 'ಹತ್ತು ಅಡಿ ಆಚೆ ಇದ್ದರೆ ಚೆನ್ನಾಗಿತ್ತು' ಅನ್ನುವ ಹಾಗಿಲ್ಲ. ಮೊಬೈಲಿನಲ್ಲಿ ಟಿಕೆಟ್ ಕೊಡುವ ಆ್ಯಪ್ ಎರಡನೆಯ ಬಗೆ. ಜನ ಬಳಸಿ ನೋಡಿ ಬೈದ ಮೇಲೆ ತಿದ್ದಬಹುದು. ಪರೀಕ್ಷೆಯಲ್ಲಿ ಎರಡೂ ಬರುತ್ತವೆ. ಪ್ರಶ್ನೆ ಓದಿದ ಕೂಡಲೇ 'ಇದು ಕಂಬವೋ ಆ್ಯಪೋ' ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಇನ್ನು ಲೆಕ್ಕ. ಲೆಕ್ಕದ ಪ್ರಶ್ನೆಗಳು ಈಗ ಕಡಿಮೆ, ಆದರೆ ಎರಡು ವಿಷಯ ಅರ್ಥವಾಗಲೇಬೇಕು.

ಮೊದಲನೆಯದು ಕ್ರಿಟಿಕಲ್ ಪಾತ್. ನೀವು ದ್ವಾರಕಾದಿಂದ ನೊಯ್ಡಾಕ್ಕೆ ಮನೆ ಬದಲಾಯಿಸುತ್ತಿದ್ದೀರಿ ಎಂದುಕೊಳ್ಳಿ. ಮನೆ ಮಾಲೀಕರ ಜೊತೆ ಕರಾರು ಮಾಡಿಕೊಳ್ಳಲು 2 ದಿನ. ಕರಾರಾದ ಮೇಲೆ ಸುಣ್ಣಬಣ್ಣಕ್ಕೆ 4 ದಿನ, ಗ್ಯಾಸ್ ವರ್ಗಾವಣೆಗೆ 6 ದಿನ. ಇವೆರಡೂ ಒಟ್ಟಿಗೆ ನಡೆಯಬಹುದು. ಕೊನೆಗೆ ಸಾಮಾನು ಸಾಗಿಸಲು 1 ದಿನ. ಒಟ್ಟು ಎಷ್ಟು ದಿನ ಬೇಕು? ಎಲ್ಲ ಕೂಡಿಸಿ 13 ಎನ್ನಬೇಡಿ. ಕರಾರು 2, ಗ್ಯಾಸ್ 6, ಸಾಗಣೆ 1, ಒಟ್ಟು 9. ಇದೇ ಅತಿ ಉದ್ದದ ದಾರಿ, ಇಲ್ಲಿ ಒಂದು ದಿನ ತಪ್ಪಿದರೆ ಇಡೀ ಕೆಲಸ ಒಂದು ದಿನ ತಡ. ಬಣ್ಣದವನು 2 ದಿನ ತಡಮಾಡಿದರೂ ಏನೂ ಆಗದು. ಆದರೆ ನಾವು ಮಾಡುವುದೇನು? ಕಣ್ಣಿಗೆ ಕಾಣುವ ಬಣ್ಣದವನ ಮೇಲೆ ಕೂಗಾಡುತ್ತೇವೆ, ಗ್ಯಾಸಿನ ಅರ್ಜಿ ಮರೆಯುತ್ತೇವೆ.

ಎರಡನೆಯದು ಅರ್ನ್ಡ್ ವ್ಯಾಲ್ಯೂ. 10 ತಿಂಗಳ, 10 ಲಕ್ಷ ರೂಪಾಯಿಯ ಕೆಲಸ. ತಿಂಗಳಿಗೆ ಒಂದು ಲಕ್ಷದ ಕೆಲಸ ಆಗಬೇಕು. 5 ತಿಂಗಳಾಯಿತು, 5 ಲಕ್ಷ ಖರ್ಚಾಯಿತು. ಲೆಕ್ಕಪತ್ರದವರು 'ಎಲ್ಲ ಸರಿಯಾಗಿದೆ' ಎನ್ನುತ್ತಾರೆ. ನೀವು ಹೋಗಿ ನೋಡುತ್ತೀರಿ, ಮುಗಿದ ಕೆಲಸದ ಬೆಲೆ 4 ಲಕ್ಷ ಮಾತ್ರ. ಅಂದರೆ ಕೊಟ್ಟ ಪ್ರತಿ ರೂಪಾಯಿಗೆ 80 ಪೈಸೆಯ ಕೆಲಸ. ಹೀಗೇ ಮುಂದುವರಿದರೆ ಪೂರ್ತಿ ಕೆಲಸಕ್ಕೆ 10 ಲಕ್ಷವನ್ನು 0.8ರಿಂದ ಭಾಗಿಸಬೇಕು, ಹನ್ನೆರಡೂವರೆ ಲಕ್ಷ ಬೇಕು. ಈ ಸಂಗತಿ ಐದನೇ ತಿಂಗಳಲ್ಲಿ ಗೊತ್ತಾದರೆ ಏನಾದರೂ ಮಾಡಬಹುದು, ಒಂಬತ್ತನೇ ತಿಂಗಳಲ್ಲಿ ಗೊತ್ತಾದರೆ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಸೂತ್ರವನ್ನು ಉರುಹೊಡೆಯಬೇಡಿ, ಈ 80 ಪೈಸೆಯನ್ನು ನೆನಪಿಡಿ.

ಈಗ ನಾನು ಫೇಲಾದ ಕಥೆಗೆ ಬರುತ್ತೇನೆ. ಈ ಪರೀಕ್ಷೆಯ ಬಹಳಷ್ಟು ಪ್ರಶ್ನೆಗಳು ಒಂದು ಸನ್ನಿವೇಶ ಹೇಳಿ 'ನೀವು ಮೊದಲು ಏನು ಮಾಡುತ್ತೀರಿ?' ಎಂದು ಕೇಳುತ್ತವೆ. ಒಂದು ಉದಾಹರಣೆ ನಾನೇ ಮಾಡಿ ಹೇಳುತ್ತೇನೆ. ನಿಮ್ಮ ತಂಡದ ಹುಡುಗನಿಗೆ ಗ್ರಾಹಕರು ನೇರವಾಗಿ ಫೋನ್ ಮಾಡಿ, ಒಪ್ಪಂದದಲ್ಲಿಲ್ಲದ ಒಂದು ಸೌಲಭ್ಯ ಸೇರಿಸಿಕೊಂಡಿದ್ದಾರೆ. ನಿಮಗೆ ಈಗಷ್ಟೇ ತಿಳಿಯಿತು. ಒಂದು, ಮೇಲಧಿಕಾರಿಗೆ ತಿಳಿಸುತ್ತೀರಾ? ಎರಡು, ಅದನ್ನು ಕೂಡಲೇ ತೆಗೆಸುತ್ತೀರಾ? ಮೂರು, ಗ್ರಾಹಕರು ಖುಷಿಯಾಗಿದ್ದಾರೆ ಎಂದು ಸುಮ್ಮನಿರುತ್ತೀರಾ? ನಾಲ್ಕು, ಹುಡುಗನ ಜೊತೆ ಕೂತು ಏನಾಯಿತೆಂದು ಕೇಳಿ, ಸಮಯಕ್ಕೆ, ಖರ್ಚಿಗೆ ಅದರಿಂದ ಏನಾಗುತ್ತದೆಂದು ನೋಡಿ, ಬದಲಾವಣೆಯನ್ನು ಕ್ರಮವಾಗಿ ಒಪ್ಪಿಗೆಗೆ ಇಡುತ್ತೀರಾ?

ಹೀಗೆ ಕೇಳುವಾಗ ಉತ್ತರ ಸುಲಭ, ನಾಲ್ಕನೆಯದು. ಆದರೆ ಗಡಿಯಾರ ಓಡುತ್ತಿರುವಾಗ ಕೈ ಹೋಗುವುದು ಹದಿನಾಲ್ಕು ವರ್ಷದ ಅಭ್ಯಾಸದ ಕಡೆಗೆ. ನಾನು ಎಷ್ಟೋ ಕಡೆ ಒಂದನ್ನೋ ಮೂರನ್ನೋ ಒತ್ತಿದ್ದೆ. ಫಲಿತಾಂಶದ ಹಾಳೆಯಲ್ಲಿ ಲೆಕ್ಕ, ವಿಧಾನ ಎಲ್ಲ ಸರಿಯಿತ್ತು, ಜನರ ವಿಭಾಗದಲ್ಲಿ ಮಟ್ಟಕ್ಕಿಂತ ಕೆಳಗೆ ಎಂದಿತ್ತು. ಅದನ್ನು ನೋಡಿ ಮೊದಲು ಸಿಟ್ಟು ಬಂತು. ರಾತ್ರಿ ಮಲಗಿದಾಗ ಯೋಚಿಸಿದೆ. ನನ್ನ ತಂಡದ ಹುಡುಗರ ಜೊತೆ ಕೂತು ಕೊನೆಯ ಸಲ ಮಾತಾಡಿದ್ದು ಯಾವಾಗ? ತೊಂದರೆ ಬಂದರೆ ಮೇಲಕ್ಕೆ ದಾಟಿಸುವುದು, ಬಾರದಿದ್ದರೆ ಸುಮ್ಮನಿರುವುದು, ಇಷ್ಟೇ ನನ್ನ ನಾಯಕತ್ವವಾಗಿತ್ತು. ಪರೀಕ್ಷೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಹಾಗಂತ ಮೇಲಿನವರ ಮಾತು ಮೀರಬೇಕೆಂದಲ್ಲ. ಇಲ್ಲಿಯೂ ಮೆಟ್ರೊ ಒಂದು ಪಾಠ ಕೊಡುತ್ತದೆ. ಹಳಿಗಳ ಅಗಲ ಎಷ್ಟಿರಬೇಕೆಂದು ಮೊದಲ ಹಂತದಲ್ಲಿ ದೊಡ್ಡ ಚರ್ಚೆಯಾಯಿತು. ಶ್ರೀಧರನ್ ಅವರಿಗೆ ಜಗತ್ತಿನ ಹೆಚ್ಚಿನ ಮೆಟ್ರೊಗಳಲ್ಲಿರುವ ಸ್ಟ್ಯಾಂಡರ್ಡ್ ಗೇಜ್ ಬೇಕಿತ್ತು, ರೈಲ್ವೆಯವರಿಗೆ ಬ್ರಾಡ್ ಗೇಜ್. ಅವರು ತಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿದರು. ತೀರ್ಮಾನ ವಿರುದ್ಧವಾಗಿ ಬಂತು. ಒಪ್ಪಿಕೊಂಡು ಬ್ರಾಡ್ ಗೇಜಿನಲ್ಲೇ ಕೆಲಸ ಮುಗಿಸಿದರು. 2010ರಲ್ಲಿ ಇಂದರ್‌ಲೋಕ್‌ನಿಂದ ಮುಂಡ್ಕಾಕ್ಕೆ ತೆರೆದ ಮಾರ್ಗ ಸ್ಟ್ಯಾಂಡರ್ಡ್ ಗೇಜಿನಲ್ಲಿ ಬಂತು. ಹೇಳಬೇಕಾದ್ದನ್ನು ಹೇಳುವುದು, ತೀರ್ಮಾನವಾದ ಮೇಲೆ ಮುನಿಸಿಕೊಳ್ಳದೆ ದುಡಿಯುವುದು, ಇವೆರಡೂ ಒಬ್ಬರಲ್ಲೇ ಇರಬೇಕು. ಪರೀಕ್ಷೆ ಬಯಸುವ ಉತ್ತರವೂ ಸಾಮಾನ್ಯವಾಗಿ ಇದೇ.

ಭಾಷೆಯ ವಿಷಯ ಕೆಲವರು ಕೇಳಿದ್ದೀರಿ. ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಉದ್ದುದ್ದ ಪ್ರಶ್ನೆಗಳು ಭಯ ಹುಟ್ಟಿಸುತ್ತವೆ. ನನಗೂ ಹಾಗೆಯೇ ಆಗಿತ್ತು. ನಾನು ಕಂಡುಕೊಂಡ ದಾರಿ ಇದು. ಕೊನೆಯ ಸಾಲನ್ನು ಮೊದಲು ಓದಿ. 'ಮೊದಲು' ಎಂದು ಕೇಳಿದ್ದಾರೋ, 'ಮುಂದೆ' ಎಂದೋ, 'ಇದನ್ನು ತಪ್ಪಿಸಲು ಏನು ಮಾಡಬೇಕಿತ್ತು' ಎಂದೋ ನೋಡಿ. ಆಮೇಲೆ ಮೇಲಿನಿಂದ ಓದುತ್ತಾ ಕಥೆಯನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಒಂದು ಸಾಲಿಗೆ ಇಳಿಸಿ: 'ಹುಡುಗ ಕೇಳದೆ ಕೆಲಸ ಮಾಡಿದ್ದಾನೆ, ನನಗೀಗ ಗೊತ್ತಾಯಿತು.' ಅಷ್ಟು ಸಾಕು. ಯೋಚನೆ ಕನ್ನಡದಲ್ಲಿ ನಡೆದರೆ ನಾಚಿಕೆಪಡಬೇಕಾಗಿಲ್ಲ, ಗುರುತು ಹಾಕುವುದು ಸರಿಯಾದ ಉತ್ತರಕ್ಕಾದರೆ ಆಯಿತು.

ಇನ್ನು ವೇಳಾಪಟ್ಟಿ. ಕೆಲಸದಲ್ಲಿರುವವರಿಗೆ ಮೂರು ತಿಂಗಳು ಬೇಕು. ಮೊದಲ 6 ವಾರ ಪಠ್ಯ, ನಂತರದ 4 ವಾರ ಪ್ರಶ್ನೆಗಳ ಅಭ್ಯಾಸ, ಕೊನೆಯ 2 ವಾರ ತಪ್ಪುಗಳನ್ನು ಮತ್ತೆ ನೋಡಲು. ಬೆಳಿಗ್ಗೆ ಒಂದು ಗಂಟೆ, ಮೆಟ್ರೊದಲ್ಲಿ ಹೋಗುವಾಗ ಬರುವಾಗ ಸಿಕ್ಕಷ್ಟು. ಮೆಟ್ರೊದಲ್ಲಿ ಹೊಸ ಪಾಠ ಓದಬೇಡಿ, ರಾಜೀವ್ ಚೌಕದ ನೂಕುನುಗ್ಗಲಿನಲ್ಲಿ ಅದು ತಲೆಗೆ ಹತ್ತುವುದಿಲ್ಲ. ಹಿಂದಿನ ದಿನ ತಪ್ಪಾದ ಪ್ರಶ್ನೆಗಳನ್ನು ಮಾತ್ರ ನೋಡಿ. ವಾರಕ್ಕೊಮ್ಮೆ ಪೂರ್ತಿ ಅವಧಿಯ ಪರೀಕ್ಷೆ ಕೂತು ಬರೆಯಿರಿ. ಸುಮಾರು ನಾಲ್ಕು ಗಂಟೆ ಕೂರುವುದೇ ಒಂದು ಅಭ್ಯಾಸ, ಬೆನ್ನಿಗೂ ತಾಲೀಮು ಬೇಕು.

ಮನೆಯವರನ್ನು ಮರೆಯಬೇಡಿ. ನಾನು ಎರಡನೆಯ ಸಲ ಓದಲು ಕೂತಾಗ ಹೆಂಡತಿಗೂ ಮಗಳಿಗೂ ಮೊದಲೇ ಹೇಳಿದೆ: ಇಷ್ಟು ವಾರ, ಭಾನುವಾರ ಮಧ್ಯಾಹ್ನದವರೆಗೆ ನಾನು ಸಿಗುವುದಿಲ್ಲ, ಆಮೇಲೆ ಪೂರ್ತಿ ನಿಮ್ಮವನು. ಮಗಳು ಕ್ಯಾಲೆಂಡರಿನಲ್ಲಿ ಒಂದೊಂದು ದಿನ ಹೊಡೆದುಹಾಕುತ್ತಾ ಬಂದಳು. ನಮ್ಮ ಮನೆಯ ಉಲ್ಟಾ ಗಡಿಯಾರ ಅದೇ ಆಯಿತು. ಮೊದಲ ಸಲ ನಾನು ಯಾರಿಗೂ ಏನೂ ಹೇಳದೆ ಬಾಗಿಲು ಹಾಕಿಕೊಂಡು ಓದಿದ್ದೆ, ಹೊರಗೆ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದರು.

ತರಬೇತಿ ಜಾಹೀರಾತುಗಳ ಬಗ್ಗೆ ಎಚ್ಚರಿಕೆ. 35 ಗಂಟೆಯ ತರಬೇತಿ ಬೇಕು, ನಿಜ. ಆದರೆ 'ಪಾಸಾಗುವುದು ಗ್ಯಾರಂಟಿ', 'ಅರ್ಜಿ ನಾವೇ ತುಂಬಿಕೊಡುತ್ತೇವೆ', 'ನಿಜವಾದ ಪ್ರಶ್ನೆಗಳೇ ನಮ್ಮಲ್ಲಿವೆ' ಎನ್ನುವವರಿಂದ ದೂರವಿರಿ. ಅವರು ಮಾರುವುದೂ 'ಹೋ ಜಾಯೇಗಾ'ವನ್ನೇ, ಬೆಲೆ ಮಾತ್ರ ಹೆಚ್ಚು.

ಪರೀಕ್ಷೆಯ ದಿನವನ್ನು ದೆಹಲಿಯ ಹವೆ ನೋಡಿ ಆರಿಸಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಬೆಳಗಿನ ಹೊತ್ತು ಬೇಡ, ಮಂಜಿನಲ್ಲಿ ದಾರಿಯೇ ಕಾಣುವುದಿಲ್ಲ. ಮನೆಯಿಂದಲೇ ಬರೆಯುವುದಾದರೆ ಮೇ, ಜೂನ್‌ನಲ್ಲಿ ಕರೆಂಟ್ ಹೋಗುವುದನ್ನು ನೆನೆಸಿಕೊಳ್ಳಿ, ಇನ್ವರ್ಟರ್ ಇಂಟರ್‌ನೆಟ್ಟಿಗೂ ಸಿಗುತ್ತದೆಯೇ ನೋಡಿ. ದೀಪಾವಳಿಯ ಆಸುಪಾಸೂ ಬೇಡ. ಮನೆಯಲ್ಲಿ ಬರೆಯುವಾಗ ಕೋಣೆಗೆ ಯಾರೂ ಬರುವಂತಿಲ್ಲ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಳ್ಳುವಂತಿಲ್ಲ. ಬಾಯಿಬಿಟ್ಟು ಓದುವ ಅಭ್ಯಾಸವಿರುವವರು ಪರೀಕ್ಷಾ ಕೇಂದ್ರಕ್ಕೆ ಹೋಗುವ ಮೊದಲೂ ಅದನ್ನು ಬಿಡಿಸಿಕೊಳ್ಳಿ.

ಒಂದು ಸಲ ಫೇಲಾದರೆ ಲೋಕ ಮುಳುಗುವುದಿಲ್ಲ. ಅರ್ಜಿ ಒಪ್ಪಿಗೆಯಾದ ಒಂದು ವರ್ಷದೊಳಗೆ ಮೂರು ಸಲ ಬರೆಯಬಹುದು, ಮತ್ತೆ ಶುಲ್ಕ ಕಟ್ಟಬೇಕಷ್ಟೆ. ಪಾಸಾದ ಮೇಲೂ ಮೂರು ವರ್ಷಕ್ಕೆ 60 ಅಂಕಗಳಷ್ಟು ಕಲಿಕೆ ತೋರಿಸಿ ನವೀಕರಿಸುತ್ತಿರಬೇಕು. ಅಂದರೆ ಗೋಡೆಗೆ ತೂಗುಹಾಕಿ ಮರೆಯುವ ಕಾಗದವಲ್ಲ ಅದು.

ಕೊನೆಯದಾಗಿ ಒಂದು ನೆನಪು. 2009ರ ಜುಲೈ 12ರ ಮುಂಜಾನೆ ದಕ್ಷಿಣ ದೆಹಲಿಯ ಜಮರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೊ ಸೇತುವೆಯ ಭಾಗ ಕುಸಿದು ಜನ ಸತ್ತರು. ಶ್ರೀಧರನ್ ಅದೇ ದಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ, ಅವರು ಮರಳಿ ಕೆಲಸಕ್ಕೆ ಹೋದರು. ಗಡುವಿಗೆ ಮುಂಚೆ ಮುಗಿಸಿದವರೆಂದು ಹೊಗಳಿಸಿಕೊಂಡವರು, ತಪ್ಪಾದ ದಿನ 'ಇದು ನನ್ನ ಹೊಣೆ' ಎಂದರು. ನೀತಿಸಂಹಿತೆಯ ಮೊದಲ ಮೌಲ್ಯ ಹೊಣೆಗಾರಿಕೆ ಎಂದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ಅರ್ಥ ಇದೇ.

ಎರಡನೆಯ ಸಲ ನಾನು ಪಾಸಾದೆ. ಸಂಬಳ ಕೂಡಲೇ ಏರಲಿಲ್ಲ, ನಿಜ ಹೇಳಬೇಕಲ್ಲ. ಆದರೆ ಮರುದಿನ ಆಫೀಸಿನಲ್ಲಿ ಮೇಲಧಿಕಾರಿಗಳು 'ಶುಕ್ರವಾರದೊಳಗೆ ಆಗುತ್ತಾ?' ಎಂದು ಕೇಳಿದಾಗ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, 'ಹುಡುಗರನ್ನು ಕೇಳಿ ಮಧ್ಯಾಹ್ನ ಹೇಳುತ್ತೇನೆ ಸಾರ್' ಎಂದೆ. ಮಧ್ಯಾಹ್ನ ಹೋಗಿ, 'ಶುಕ್ರವಾರ ಆಗುವುದಿಲ್ಲ, ಮಂಗಳವಾರ ಕೊಡುತ್ತೇವೆ' ಎಂದೆ. ಮಂಗಳವಾರ ಕೊಟ್ಟೆವು.